ಮೂತಿ ಮತ್ತು ಪಕ್ಕದ ರೆಕ್ಕೆ

ಅಣ್ಣನಿಗೆ,

ನಾನು ಆರಾಮಾಗಿದ್ದೇನೆ. ಇವತ್ತು ನಿನ್ನ ದೋಣಿಯಿಂದ ಇಳಿದ ನಾಲ್ಕು ಶಾರ್ಕ್‌ಗಳನ್ನು ಅಳೆಯುವ ಸರದಿ ನನ್ನದೇ ಇತ್ತು. ನೀನು ಮಾತ್ರ ಬಂದರಿನಲ್ಲಿ ಎಲ್ಲೂ ಕಾಣಲಿಲ್ಲ.

ಹೋದ ತಿಂಗಳು ನೀನು ನಮ್ಮ ಅಡುಗೆಮನೆಯಲ್ಲಿ ಕೂತು, "ಇನ್ನೊಂದ್ಸಲ ಹೇಳೇ, ನನಗೆ ಎರಡು ಜಾತಿ ಶಾರ್ಕೂ ಒಂದೇ ಥರ ಕಾಣ್ತವೆ" ಅಂದಿದ್ದೆ. ನಾನು ಹಿಟ್ಟಿನ ಕೈಯಲ್ಲೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಗಿಡ್ಡ ರೆಕ್ಕೆಯ ಶಾರ್ಕ್‌ಗೆ ಮೂತಿಯ ಅಡಿ ಬಿಳುಪು, ಉದ್ದ ರೆಕ್ಕೆಯದಕ್ಕೆ ಕಪ್ಪು. ಉದ್ದ ರೆಕ್ಕೆಯದರ ಪಕ್ಕದ ರೆಕ್ಕೆ ತಲೆಯಷ್ಟೇ ಉದ್ದ. ಎರಡೂ ಕಡಿಮೆಯಾಗುತ್ತಿವೆ, ಆದರೆ ಉದ್ದ ರೆಕ್ಕೆಯದನ್ನು ದಡಕ್ಕೆ ತರುವಂತೆಯೇ ಇಲ್ಲ ಎಂದೂ ಹೇಳಿದೆ.

"ಗುರುತು ಸಿಕ್ರೆ ಸಾಕು, ಬಲೆ ಬಿಡಿಸಿ ಬಿಟ್ಬಿಡ್ತೀನಿ" ಅಂದೆ ನೀನು. ನಾನು ಅದನ್ನು ನಮ್ಮ ಮೀನುಗಾರಿಕೆ ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಇವತ್ತು ನಾಲ್ಕಕ್ಕೂ ಮೂತಿಯಿಲ್ಲ, ಪಕ್ಕದ ರೆಕ್ಕೆಯಿಲ್ಲ. ಬೆನ್ನು, ಬಾಲ ಹಾಗೇ ಇವೆ. ನಾನು ಬೆರಳಿಟ್ಟು ತೋರಿಸಿದ ಎರಡು ಜಾಗಕ್ಕೆ ಮಾತ್ರ ಕತ್ತಿ ಬಿದ್ದಿದೆ.

"ಏನಮ್ಮಾ, ಯಾವ ಜಾತಿ?" ಅಂತ ಸಾಹೇಬರು ಕೇಳಿದರು. "ಗೊತ್ತಾಗ್ತಿಲ್ಲ ಸಾರ್" ಅಂದೆ. ಹನ್ನೊಂದು ವರ್ಷದ ಕೆಲಸದಲ್ಲಿ ಹಾಗೆ ಹೇಳಿದ್ದು ಇದೇ ಮೊದಲು. ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು. ಆಮೇಲೆ ಆ ಮೀನುಗಳ ಕಡೆ ನೋಡಿದೆ.

ನೀನು ಅವತ್ತು ಒಯ್ದ ಆ ಕ್ಯಾಲೆಂಡರ್ ಹಾಳೆ ವಾಪಸ್ ಕಳಿಸು. ಅದರಲ್ಲಿ ನನ್ನ ಕೈಬರಹವಿದೆ.

ಇನ್ನೊಂದು ವಿಷಯ. ಚೂರು ಮಾಂಸ ಪರೀಕ್ಷೆಗೆ ಕಳಿಸಿದರೂ ಜಾತಿ ಗೊತ್ತಾಗುತ್ತದೆ. ಅದನ್ನು ನಿನಗೆ ಅವತ್ತು ಹೇಳಿರಲಿಲ್ಲ. ನಾಲ್ಕು ಚೂರನ್ನೂ ಮಧ್ಯಾಹ್ನವೇ ಕಳಿಸಿದೆ.

ನಿನ್ನ ತಂಗಿ