ಕರಿಗುಡ್ಡದಿಂದ ಬಾರದ ಉತ್ತರ

ಕ್ರಿ.ಶ. ೨೫೧೨, ಹದಿಮೂರನೆಯ ತಿಂಗಳು, ನೀರೇರಿದ ಸೋಮವಾರ
ಮೂರುಕೋಡಿನ ಗುಡ್ಡ

ಎಲೈ ಪೂರ್ವಿಕರೇ! ಇನ್ನೂ ಒಣನೆಲದ ಮೇಲೆ ನಡೆದಾಡುತ್ತಿರುವ ಭಾಗ್ಯವಂತರೇ! ತಿಂಗಳ ಲೆಕ್ಕ ಕಂಡು ಬೆಚ್ಚಬೇಡಿ; ಮಳೆ ಹನ್ನೆರಡರಲ್ಲಿ ಮುಗಿಯದ್ದರಿಂದ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಮಾತು ಅಬ್ಬರವೆನಿಸಿದರೆ ಮನ್ನಿಸಿ. ನಾನು ಗವಿಸಿದ್ದಪ್ಪ, ಈ ಗುಡ್ಡದ ನಾಟಕದ ಮಾಸ್ತರ. ಹುಟ್ಟಿದ್ದೇ ಪರದೆಯ ಹಿಂದೆ. ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ.

ನಮ್ಮ ಮನೆಗಳಲ್ಲಿ ದನಿಯಾಳುಗಳಿದ್ದವು, ಗೋಡೆಯೊಳಗೆ ಕೂತು ಹೇಳಿದ್ದನ್ನು ಮಾಡುವ ಯಂತ್ರಗಳು. "ಸಾವಂತ್ರಿಯನ್ನು ಕರೆ" ಅಂದರೆ ಸಾಕು, ನೀರಿನಾಚೆಯ ಕರಿಗುಡ್ಡಕ್ಕೆ ಮದುವೆಯಾಗಿ ಹೋದ ನನ್ನ ಮಗಳು ಗೋಡೆಯಿಂದಲೇ "ಏನಪ್ಪಾ, ಉಂಡ್ಯಾ?" ಅನ್ನುತ್ತಿದ್ದಳು. ಆ ಮಾತು ಯಾವ ದಾರಿಯಲ್ಲಿ ಹೋಗಿ ಬರುತ್ತದೆಂದು ತಲೆಮಾರುಗಟ್ಟಲೆ ಒಬ್ಬನಾದರೂ ಕೇಳಿದನೇ? ಇಲ್ಲ! ದೊಡ್ಡ ಅಲೆ ಬಂದ ದಿನ ಅವೆಲ್ಲ ಒಮ್ಮೆಲೇ ಮೂಕವಾದವು. ಕರಿಗುಡ್ಡ ನಿಂತಿದೆಯೋ, ಮುಳುಗಿತೋ? ಸಾವಂತ್ರಿ ತುಂಬು ಬಸುರಿ.

ಉಳಿದದ್ದು ಕುಡಿಯುವ ನೀರಿನ ಪಂಪಿನ ಕೋಣೆಯ ಒಂದು ಹಳೆಯ ಯಂತ್ರ, ಕಪ್ಪು ಪರದೆಯದು. ನೀವು ಲಿನಕ್ಸ್ ಎನ್ನುತ್ತಿದ್ದಿರಂತಲ್ಲ, ಅದು. ಕಂಠಪಾಠದವನೆಂದು ಊರು ನನ್ನನ್ನೇ ಅದರ ಮುಂದೆ ಕೂರಿಸಿತು. ಎದೆ ಸೆಟೆಸಿ, "ಹೇ ಯಂತ್ರವೇ, ನನ್ನ ಕುವರಿಯ ಕ್ಷೇಮವನ್ನರುಹು!" ಎಂದು ಗರ್ಜಿಸಿದೆ. ಸಣ್ಣ ಗೆರೆಯೊಂದು ಮಿಟುಕುತ್ತಿತ್ತು, ಅಷ್ಟೇ. ನನ್ನ ಹೆಂಡತಿ ದ್ಯಾಮವ್ವ ಹಣೆ ಬಡಿದುಕೊಂಡಳು: "ಅದಕ್ಕ ಕಿವಿ ಇಲ್ರೀ! ಬೆರಳಿಲೆ ಕುಟ್ರಿ!"

ಕುಟ್ಟಿದೆ. ಯಂತ್ರದೊಳಗೇ ಪಾಠದ ಪುಟಗಳಿದ್ದವು; ಮೊದಲು ಕಲಿತದ್ದು ಪಿಂಗ್. ಅದು ದೂರದ ಯಂತ್ರವನ್ನು ಕೂಗುತ್ತದೆ. ಆ ಯಂತ್ರ ಬದುಕಿದ್ದರೆ ಓಗೊಡುತ್ತದೆ. ಆದರೆ ಕೂಗುವುದು ಯಾರನ್ನು? ಯಂತ್ರದ ಹಣೆಗೆ ಯಾರೋ 127.0.0.1 ಎಂದು ಬಣ್ಣದಲ್ಲಿ ಬರೆದಿದ್ದರು. ನಮ್ಮ ಗುಡ್ಡದ ಪದ್ಧತಿ ಕೇಳಿ: ಬಾಗಿಲ ಮೇಲೆ ನಾವು ನಮ್ಮ ಹೆಸರು ಬರೆಯುವುದಿಲ್ಲ, ನೀರು ಏರಿದಾಗ ಯಾರನ್ನು ಕೂಗಬೇಕೋ ಅವರ ಹೆಸರು ಬರೆಯುತ್ತೇವೆ. ಹಾಗಾಗಿ ಅದು ಕರಿಗುಡ್ಡವೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೂಗಿದೆ. ಉತ್ತರ ಬಂತು! ಸಾಲಿನ ಮೇಲೆ ಸಾಲು, ಬಂತು, ಬಂತು! ಡೋಲು ಬಾರಿಸಿದರು, ಮುದುಕರು ಕುಣಿದರು, ದ್ಯಾಮವ್ವ ಆ ಪರದೆಗೆ ಮುತ್ತಿಟ್ಟಳು.

ಹುಮ್ಮಸ್ಸಿನಲ್ಲಿ ಮುಂದಿನ ಪಾಠಕ್ಕೆ ಹೋದೆ. ಐಪಿ ಅಡ್ರೆಸ್ ಎಂದು ಕುಟ್ಟಿದರೆ ಯಂತ್ರ ತನ್ನ ವಿಳಾಸಗಳನ್ನು ತಾನೇ ಹೇಳುತ್ತದೆ. ಮೊದಲನೆಯದೇ 127.0.0.1. ಪ್ರತಿ ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ವಿಳಾಸವಂತೆ ಅದು. ಡೋಲು ನಿಂತಿತು. "ಅಂದ್ರ ಇಷ್ಟೊತ್ತು ನಮ್ಮನ್ನ ನಾವ ಕರಕೊಂಡ್ವೇನ್ರಿ?" ಅಂದಳು ದ್ಯಾಮವ್ವ. ಎಂತೆಂಥ ಸಭೆಗಳನ್ನು ಅಳಿಸಿದವನು ನಾನು. ಆ ಮಾತಿಗೆ ನಾನೇ ಅತ್ತುಬಿಟ್ಟೆ.

ಆಮೇಲೆ ಕರಿಗುಡ್ಡದ ಹೆಸರನ್ನೇ ಕೊಟ್ಟು ನೋಡಿದೆ. ಅದರ ವಿಳಾಸ ಯಂತ್ರಕ್ಕೆ ನೆನಪಿತ್ತು. ಟ್ರೇಸ್‌ರೂಟ್ ಎಂಬುದು ದಾರಿಯುದ್ದದ ಒಂದೊಂದು ಠಾಣೆಯನ್ನೂ ತಟ್ಟುತ್ತ ಹೋಗುತ್ತದೆ. ನಮ್ಮ ಗುಡ್ಡದ ತಪ್ಪಲಿನದು ಓ ಅಂದಿತು. ನೀರಂಚಿನದು ಓ ಅಂದಿತು. ಅಲ್ಲಿಂದಾಚೆ ಓಗೊಡದ ಠಾಣೆಗಳ ಜಾಗದಲ್ಲಿ ಬರೀ ಚುಕ್ಕಿಗಳು, ಸಾಲು ಸಾಲು ಚುಕ್ಕಿಗಳು. ಮಾತು ಎಲ್ಲಿ ಹರಿಯಿತೆಂದು ಗೊತ್ತಾಯಿತು. ಹರಿದಲ್ಲಿ ಜೋಡಿಸುವುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಆದ್ದರಿಂದ ಪೂರ್ವಿಕರೇ, ಶಲ್ಯವೊಡ್ಡಿ ಬೇಡುತ್ತೇನೆ. ದನಿಯಾಳುಗಳು ನಿಮ್ಮ ಮನೆಗೂ ಬರುತ್ತವೆ, ಬರಲಿ. ಆದರೆ ಆ ಕಪ್ಪು ಪರದೆಯ ಮುಂದೆ ಒಮ್ಮೆ ಕೂತು ಈ ಮಾತುಗಳನ್ನು ಕಲಿಯಿರಿ, ಮಕ್ಕಳಿಗೆ ಕಲಿಸಿ. ಕಷ್ಟ ಬಂದ ಮೇಲೆ ಕಲಿಯುವ ಪಾಠವಲ್ಲ ಇದು.

ಕರಿಗುಡ್ಡಕ್ಕೆ ಪಿಂಗ್ ಇನ್ನೂ ಓಡುತ್ತಿದೆ. ಉತ್ತರ ಬಾರದಿದ್ದರೆ ಅದು ಏನೂ ಹೇಳುವುದಿಲ್ಲ, ಸುಮ್ಮನೆ ಕೂಗುತ್ತಲೇ ಇರುತ್ತದೆ. ನಾವು ನಿಲ್ಲಿಸಿದಾಗ ಮಾತ್ರ ಲೆಕ್ಕ ಒಪ್ಪಿಸುತ್ತದೆ: ಎಷ್ಟು ಕೂಗಿದೆ, ಎಷ್ಟು ನಷ್ಟವಾಯಿತು. ಯಂತ್ರಕ್ಕೂ ಪಂಪಿಗೂ ಇರುವುದೊಂದೇ ಬ್ಯಾಟರಿ, ಅದು ಪಂಪಿಗೆ ಬೇಕು, ನಿಲ್ಲಿಸು ಮಾಸ್ತರ, ಅನ್ನುತ್ತಿದ್ದಾರೆ ಹಿರಿಯರು. ಊರು ಬಾಯಾರಿದೆ, ತಪ್ಪು ಅವರದ್ದಲ್ಲ. ದ್ಯಾಮವ್ವ ನನ್ನ ಕೈ ಹಿಡಿದು ಕೂತಿದ್ದಾಳೆ. ನಿಲ್ಲಿಸುವ ಗುಂಡಿ ಒತ್ತಲೇಬೇಕು. ಆ ಲೆಕ್ಕ ಪರದೆಯ ಮೇಲೆ ಮೂಡುವ ಮೊದಲು, ನನ್ನ ಮಗಳು ಇದ್ದರೂ ಇರಬಹುದಾದ ಈ ಗಳಿಗೆಯಲ್ಲೇ, ಕಾಗದ ಮುಗಿಸುತ್ತೇನೆ.