ಪಂಚಮಿಗೆ ಬರಲಾರದ ಮಗಳಿಗೆ

ಮಹಾಗಾಂವ, ಕಮಲಾಪುರ ತಾಲೂಕು

ನಮ್ಮ ಕೇಳೆನ್‌ಗೆ ಗುಂಡಣ್ಣ ಕಾಕಾನ ಆಶೀರ್ವಾದ.

ನಿನಗ ಹೆಲೆನ್ ಅಂತ ಹೆಸರಿಟ್ಟವರು ತಪ್ಪ್ಯಾರ ನೋಡು. ನೀ ಹೇಳಿದ್ದು ಕಡಿಮಿ, ಕೇಳಿದ್ದೇ ಹೆಚ್ಚು. ನಿನ್ನ ಜೋಡಿ ಬಂದು ನಮ್ಮ ಮಾತು ನಿನಗ ತಿಳಿಸಿ ಹೇಳತಿದ್ದ ಗಾಜಿಪುರದ ಮುಸ್ಕಾನ್ ಇದನ್ನ ಇಂಗ್ಲಿಷ್ ಮಾಡಿ ಕಳಸ್ತಾಳ. ಈ ಹೇಳು-ಕೇಳು ಚಾಷ್ಟಿ ಇಂಗ್ಲಿಷಿನ್ಯಾಗ ಸಾಯ್ತದ, ಇರಲಿ.

ಮಗಳು ಶೇವಂತಾ ಗಂಡನ ಮನ್ಯಾಗ ತೀರಿದಾಗಿಂದ ನಮ್ಮಾಕಿ ಬಾಯಿ ತೆಗೆದಿದ್ದಿಲ್ಲ. ಮನಶ್ಶಾಸ್ತ್ರ ಕಲಿಯಾಕ ಇಂಗ್ಲೆಂಡಿನಿಂದ ಬಂದ ನೀ ದಿನಾ ಬಾಜೂಕ ಕುಂತ ಮ್ಯಾಲ ಮಾತಾಡಿದಳು, ಅತ್ತಳು. ನೀ ಹೊಂಟಾಗ ಉಡಿ ತುಂಬಿದಳು. ನೀ ನಕ್ಕೋತ ಫೋಟೋ ತೆಗಸ್ಕೊಂಡಿ. ಉಡಿ ತುಂಬಿಸಿಕೊಂಡಾಕಿ ಮಗಳಾಗ್ತಾಳ, ಆಕಿನ್ನ ಪಂಚಮಿಗೆ ತವರಿಗೆ ಕರೀಬೇಕು ಅಂತ ನಿನಗ ಯಾರೂ ಹೇಳಲಿಲ್ಲ.

ಈಗ ಜೋಕಾಲಿ ಕಟ್ಟಿಸ್ಯಾಳ. "ಹೋಗಿ ಹುಡುಗಿನ್ನ ಕರಕೊಂಡ ಬರ್ರಿ" ಅಂತ ಗಂಟುಬಿದ್ದಾಳ. "ನಡುವ ಸಮುದ್ರ ಅದ" ಅಂದ್ರ, "ಕಲಬುರಗ್ಯಾಗ ಬಸ್ ಬದಲ ಮಾಡ್ರಿ" ಅಂತಾಳ.

ನಿನ್ನ ಜಾಗಾಕ್ಕ ಹೊಸ ಹುಡುಗಿ ಬಂದಾಳ. ಛಲೋ ಹುಡುಗೀನೇ. "ಮೊದಲಿಂದ ಹೇಳ್ರಿ ಅಮ್ಮಾ" ಅಂದಳು. ನಮ್ಮಾಕಿ ಗ್ವಾಡಿ ಕಡಿ ಮಾರಿ ತಿರುವಿ ಕುಂತಳು.

ನಿನಗ ಬರಾಕ ಆಗಂಗಿಲ್ಲ, ಗೊತ್ತದ. ಒಂದು ಸುಳ್ಳರೆ ಬರದು ಕಳಸು. ವಿಮಾನ ಪಂಕ್ಚರ್ ಆಗ್ಯಾದ ಅನ್ನು, ಪರೀಕ್ಷಾ ಅದ ಅನ್ನು, ನಾ ಓದಿ ಹೇಳ್ತೀನಿ. ಮುಸ್ಕಾನ್ ಅಂದಳು, "ಅತ್ತಿ ಕಳಸವಲ್ಲಳು ಅಂತ ಬರಸ್ರಿ ಕಾಕಾ, ಅಮ್ಮ ತಟ್ಟನೆ ನಂಬತಾಳ."

ಅದೊಂದು ಮಾತ್ರ ಬರೀಬ್ಯಾಡವ್ವಾ. ಶೇವಂತಾ ತೀರೂಕಿಂತ ಮೊದಲ ಆಕಿ ಕಡಿಂದ ಬಂದ ಕಡೀ ಸುದ್ದಿ ಅದೇ ಇತ್ತು.

ಇಂತಿ,
ನಿನ್ನ ಗುಂಡಣ್ಣ ಕಾಕಾ