ಎಡಗಡೆ ಬೇಸ್ ಇಲ್ಲ

7 ಜನವರಿ 2008, ಸಂಜೆ 7
ಕೆ.ಆರ್. ಪುರದ ಬಸ್ಸಿನಲ್ಲಿ ಇವತ್ತೂ ನಿಂತೇ ಬಂದೆ. ಇಯರ್‌ಫೋನ್ ಟೆಸ್ಟಿಂಗ್‌ಗೆ ಒಳ್ಳೆಯದೇ. ಇಂಜಿನ್ ಗದ್ದಲದ ಮಧ್ಯೆ ಕೇಳಿಸಿದರೆ ಮಾತ್ರ ಅದು ಬೇಸ್, ಎದೆಗೆ ಗುದ್ದುವ ತಗ್ಗಿನ ಸ್ವರ. ಸೋಫಾದಲ್ಲಿ ಕೂತು ಅಂಕ ಕೊಡುವ ಮಹಾಶಯರಿಗೆ ಇದು ತಿಳಿಯುವುದಿಲ್ಲ.

ಮೂರು ಇಯರ್‌ಫೋನ್, ಮೂರೂ ಕಿವಿಯೊಳಗೆ ತೂರಿಸುವಂಥವು. ಒಂದೇ ಹಾಡು, ಒಂದೇ ವಾಲ್ಯೂಮ್. ಕಪ್ಪು — ಬೇಸ್ ಧಾರಾಳ, ಆದರೆ ಹಾಡುವವಳ ಗಂಟಲ ಮೇಲೇ ಕೂರುತ್ತದೆ. ಹತ್ತಕ್ಕೆ ಏಳು. ಬಿಳಿ — ನೀರು ಮಜ್ಜಿಗೆ. ನಾಲ್ಕು. ಬೂದು — ಶಿವಾಜಿನಗರದ ಮಂಜೂರ್ ಭಾಯ್ ಸಿಂಗಪುರದಿಂದ ತರಿಸಿಕೊಟ್ಟದ್ದು. ಏಟು ಬಿದ್ದ ಜಾಗದಲ್ಲೇ ನಿಲ್ಲುತ್ತದೆ, ಹರಡುವುದಿಲ್ಲ. ಒಂಬತ್ತು. ಅಂಕಗಳನ್ನು ಇಂಟರ್ನೆಟ್ಟಿನ ನಮ್ಮ ಇಯರ್‌ಫೋನ್ ಫೋರಂಗೆ ಹಾಕಿದೆ.

ಹೋದ ವರ್ಷ ಇದೇ ಫೋರಂನ ಗಂಡಸರು "ಹುಡುಗೀರಿಗೆ ಬೇಸ್ ಎಲ್ಲಿ ಗೊತ್ತಾಗುತ್ತೆ" ಎಂದಿದ್ದರು. ಈಗ ಈ ವಿಭಾ ಅಂಕ ಕೊಡದೆ ಒಬ್ಬನೂ ಕೊಳ್ಳುವುದಿಲ್ಲ. ಅಹಂಕಾರ ಎಂದರೆ ಅಹಂಕಾರವೇ. ಯಾರೂ ದಾನ ಕೊಟ್ಟದ್ದಲ್ಲ.

21 ಜನವರಿ
ಬೂದು ಕೈಕೊಟ್ಟಿದೆ. ಎಡಗಡೆ ಬೇಸ್ ಇಲ್ಲ. ರಬ್ಬರ್ ತುದಿ ಸಣ್ಣದು, ನಡುವಿನದು, ದೊಡ್ಡದು — ಮೂರನ್ನೂ ಹಾಕಿ ನೋಡಿದೆ. ಕಿವಿ ಸರಿಯಾಗಿ ಮುಚ್ಚಿದರೂ ಅಷ್ಟೇ.
ಬೆಳಿಗ್ಗೆ ಎದ್ದಾಗ ತಲೆ ಸುತ್ತಿ ಗೋಡೆ ಹಿಡಿದುಕೊಂಡೆ. ಪಿತ್ತ ಎಂದು ಅಮ್ಮ ಜೀರಿಗೆ ಕಷಾಯ ಕೊಟ್ಟಳು.

24 ಜನವರಿ
ಮಂಜೂರ್ ಭಾಯ್ ಮಾತಿಲ್ಲದೆ ಬದಲಿಸಿಕೊಟ್ಟರು. ಮೆಟ್ಟಿಲ ಕೆಳಗಿನ ಮೂರಡಿ ಕೌಂಟರ್, ಆದರೆ ವ್ಯಾಪಾರ ಜೋರು. "ನಿಮ್ ಫೋರಂ ಹುಡುಗ್ರೇ ಬರ್ತಾರೆ ಮೇಡಂ, ದಿನಾ. ನಿಮ್ ಹೆಸ್ರು ಹೇಳ್ಕೊಂಡು." ಚಹಾ ತರಿಸಿದರು.

2 ಫೆಬ್ರವರಿ, ಮಧ್ಯಾಹ್ನ
ಹೊಸದೂ ಹಾಗೇ. ಎಡಗಡೆ ಬೇಸ್ ಇಲ್ಲ. ವಾಲ್ಯೂಮ್ ಏರಿಸಿದರೂ ಇಲ್ಲ. ಊಟ ಬಿಟ್ಟು ಶಿವಾಜಿನಗರಕ್ಕೆ ಹೋದೆ.
ಮಂಜೂರ್ ಭಾಯ್ ತಮ್ಮ ಕಿವಿಗೆ ಹಾಕಿಕೊಂಡು ನೋಡಿದರು.
"ನಂಗೆ ಸರಿಯಾಗೇ ಕೇಳಿಸ್ತಿದೆ ಮೇಡಂ."
"ನಿಮಗೆ ಕೇಳಿಸತ್ತೆ, ಮಾರೋರಲ್ವಾ."
"ಅಲ್ಲಾ ಕಸಂ, ಮಾಲು ಒರಿಜಿನಲ್. ಒಂದ್ಸಲ ಉಲ್ಟಾ ಹಾಕ್ಕೊಂಡು ನೋಡ್ರಿ — ಎಡಗಡೇದು ಬಲಕ್ಕೆ..."
"L ಎಡಕ್ಕೆ, R ಬಲಕ್ಕೆ. ಇಯರ್‌ಫೋನ್ ಹಾಕ್ಕೊಳ್ಳೋದು ನಂಗೆ ಹೇಳ್ಕೊಡ್ಬೇಡಿ."
ಮೂರು ಜನ ಗಿರಾಕಿಗಳ ಮುಂದೆ ಹೇಳಿದೆ. ಅವರು ದುಡ್ಡು ಎಣಿಸಿ ವಾಪಸ್ ಕೊಟ್ಟರು. ಕಳ್ಳನಲ್ಲದಿದ್ದರೆ ವಾದ ಮಾಡುತ್ತಿರಲಿಲ್ಲವೇ?

3 ಫೆಬ್ರವರಿ
ಬರೆದುಬಿಟ್ಟೆ. ಅಂಗಡಿ, ಹೆಸರು, ಗಲ್ಲಿ ಎಲ್ಲ. "ಮಂಜೂರ್ ಡೂಪ್ಲಿಕೇಟ್ ಮಾರುತ್ತಾರೆ. ಎರಡು ಪೀಸ್, ಎರಡರಲ್ಲೂ ಎಡಗಡೆ ಸತ್ತಿದೆ." ಸಂಜೆಯೊಳಗೆ ಐವತ್ತೆಂಟು ಉತ್ತರ. ಕೆಲವರಿಗೆ ಆಗಲೇ ತಮ್ಮದರಲ್ಲೂ ಎಡಗಡೆ ಕಡಿಮೆ ಕೇಳಿಸತೊಡಗಿದೆ.

2 ಮಾರ್ಚ್, ಭಾನುವಾರ
ಫೋರಂನ ಸುದರ್ಶನ್ ಇಂದಿರಾನಗರದಲ್ಲಿ ಸಿಕ್ಕಿದ. ಕೊಂಡವರೆಲ್ಲ ಪೆಟ್ಟಿಗೆ ಹಿಡಿದು ವಾಪಸ್ ಮಾಡಲು ಸಾಲು ನಿಂತರಂತೆ. ಮಂಜೂರ್ ಎಲ್ಲರಿಗೂ ದುಡ್ಡು ಕೊಟ್ಟು ಕೌಂಟರ್ ಖಾಲಿ ಮಾಡಿದರಂತೆ.
"ಒಳ್ಳೇ ಕೆಲ್ಸ ಮಾಡ್ದೆ ಗುರು."
ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಆಯಿತು.

16 ಮಾರ್ಚ್, ಬೆಳಿಗ್ಗೆ 11
ಜನವರಿಯಿಂದ ಮುಟ್ಟದ ಕಪ್ಪನ್ನು ತೆಗೆದೆ. ಅದರಲ್ಲೂ ಎಡಗಡೆ ಹೋಗಿದೆ. ಶಾಪ ಹಾಕುತ್ತಾ ಕೂತಿದ್ದೆ. ಅಮ್ಮ ಏನದು ಎಂದು ಕಿತ್ತುಕೊಂಡು ತನಗೆ ತೋಚಿದ ಹಾಗೆ ಕಿವಿಗೆ ಸಿಕ್ಕಿಸಿಕೊಂಡಳು. L ಬಲಕ್ಕೆ, R ಎಡಕ್ಕೆ.
"ಎರಡೂ ಕಡೆ ದಡ್ ದಡ್ ಅಂತಿದ್ಯಲ್ಲೇ. ಎದೆ ಒಡೆದುಹೋಗತ್ತೆ, ತಗೋ."
ನಗುತ್ತಾ ಈಸಿಕೊಂಡೆ. ಅವಳು ಹಾಕಿದ್ದ ಹಾಗೆಯೇ, ಉಲ್ಟಾ ಹಾಕಿಕೊಂಡೆ. ಸತ್ತಿದ್ದ L ಬಲಗಿವಿಯಲ್ಲಿ ಗುದ್ದಿತು. ಚೆನ್ನಾಗಿದ್ದ R ಎಡಗಿವಿಯಲ್ಲಿ...
ಹತ್ತು ಸಲ ಬದಲಿಸಿದೆ. ಬಿಳಿಯದನ್ನೂ ನೋಡಿದೆ. ಯಾವುದು ಹಾಕಿದರೂ ಎಡಗಡೆ ಬೇಸ್ ಇಲ್ಲ.

20 ಮಾರ್ಚ್
ಕಿವಿ ಡಾಕ್ಟರ್. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿಸಿದರು. ಒಳಗಿವಿಯ ನೀರಿನ ಕಾಯಿಲೆ. ತಲೆಸುತ್ತು ಅದರದ್ದೇ. ಮೊದಲು ಹೋಗುವುದು ತಗ್ಗಿನ ಸ್ವರಗಳಂತೆ. ಹಕ್ಕಿ ಕೂಗು ಕೇಳಿಸುತ್ತದೆ, ಬೇಸ್ ಇಲ್ಲ.
"ಬರುತ್ತೆ, ಹೋಗುತ್ತೆ. ಪೂರ್ತಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ. ಉಪ್ಪು ಬಿಡಿ."
ಅಮ್ಮ ದಾರಿಯುದ್ದಕ್ಕೂ ಉಪ್ಪಿನಕಾಯಿ ಬಗ್ಗೆಯೇ ಮಾತಾಡಿದಳು. ಅಳು ಬರಬೇಕಿತ್ತು. ಬಂದದ್ದು ಮಂಜೂರ್ ಮುಖ.

5 ಏಪ್ರಿಲ್
ಬರೆದಿಲ್ಲ. ದಿನಾ ಕಂಪ್ಯೂಟರ್ ಮುಂದೆ ಕೂರುತ್ತೇನೆ. ತಪ್ಪಾಯಿತು ಎಂದು ಬರೆದರೆ ನನ್ನ ಅಂಕಗಳಿಗೆಲ್ಲ ಬೆಂಕಿ. ಹುಡುಗಿ, ಅದೂ ಕಿವುಡಿ. ಬರೆಯದಿದ್ದರೆ ಅವರು ಕಳ್ಳರಾಗಿಯೇ ಉಳಿಯುತ್ತಾರೆ. ಎರಡರಲ್ಲಿ ಒಂದು ಹೆಸರು ಹೋಗಬೇಕು. ಎರಡು ವಾರದಿಂದ ಅವರದ್ದನ್ನೇ ಹೋಗಲು ಬಿಡುತ್ತಿದ್ದೇನೆ.

12 ಏಪ್ರಿಲ್, ಸಂಜೆ
ಮಂಜೂರ್ ಅವರನ್ನು ಹುಡುಕಿಕೊಂಡು ಹೋದೆ. ರಸೆಲ್ ಮಾರ್ಕೆಟ್ ಹತ್ತಿರ ಭಾವಮೈದನ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರುತ್ತಿದ್ದಾರೆ. ನನ್ನನ್ನು ನೋಡಿ ಎದ್ದು ನನ್ನ ಬಲಗಡೆಗೆ ಬಂದು ನಿಂತರು.
ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.
"ಅವತ್ತೇ ಡೌಟ್ ಬಂತು ಮೇಡಂ. ಎಡಗಡೆಯಿಂದ ಕರೆದ್ರೆ ನೀವು ತಿರುಗ್ತಿರ್ಲಿಲ್ಲ."
"ಹೇಳ್ಬಹುದಿತ್ತಲ್ಲ."
"ಉಲ್ಟಾ ಹಾಕ್ಕೊಳ್ಳಿ ಅಂದೆ. ಅಷ್ಟು ಜನದ್ ಮುಂದೆ ಹೆಣ್ಮಗಳಿಗೆ ಕಿವಿ ಕೆಟ್ಟಿದೆ ಅಂತ ಹೆಂಗ್ರಿ ಹೇಳ್ಲಿ?"
ಕಾಲಿಗೆ ಬೀಳುವಷ್ಟು ನಾಚಿಕೆ. ಕ್ಷಮಿಸಿ ಎಂದೆ.
"ನಂಗೆ ಹೇಳಿ ಏನ್ ಮಾಡ್ತೀರಿ. ಅಲ್ಲಿ ಬರೀರಿ. ನನ್ ಮಗಳು, ಉಮ್ಮೆ ಕುಲ್ಸುಂ, ಕಾಲೇಜಲ್ಲಿ ಅದನ್ನ ಓದಿ ಬಂದಿದ್ಲು. ನೀವು ಡೂಪ್ಲಿಕೇಟ್ ಮಾರಿದ್ದು ನಿಜಾನಾ ಅಬ್ಬಾ ಅಂತ ಕೇಳಿದ್ಲು."

13 ಏಪ್ರಿಲ್, ಬೆಳಿಗ್ಗೆ 9
ಬರೆದೆ. ಏನೂ ಮುಚ್ಚಿಡಲಿಲ್ಲ. ಕಿವಿ, ಕಾಯಿಲೆ, ಉಲ್ಟಾ ಹಾಕಿ ಎಂದಾಗ ನಾನು ಅಂದ ಮಾತು. ಮಂಜೂರ್ ಮಾರಿದ್ದು ಒರಿಜಿನಲ್, ವಾಪಸ್ ಮಾಡಿದವರು ಹೋಗಿ ಕ್ಷಮೆ ಕೇಳಿ. ಕಳಿಸಿದೆ.

ಅದೇ ದಿನ, ಸಂಜೆ 5
ನಲವತ್ತೊಂದು ಉತ್ತರ. "ಹುಡುಗೀರಿಗೆ ಬೇಸ್ ಗೊತ್ತಾಗಲ್ಲ ಅಂತ ಮೊದಲೇ ಹೇಳಿರಲಿಲ್ವಾ" — ಒಂಬತ್ತು ಮಂದಿ. ಬೇಗ ಗುಣವಾಗಲಿ — ಇಬ್ಬರು. ಉಳಿದವರದ್ದೆಲ್ಲ ಅವರವರ ಇಯರ್‌ಫೋನ್ ಚಿಂತೆ. ಸುದರ್ಶನ್: "ಹಾಗಾದ್ರೆ ಕಪ್ಪಿಗೆ ಕೊಟ್ಟ ಏಳೂ ತಪ್ಪಾ? ನಾನು ಕೊಂಡ್ಬಿಟ್ಟಿದ್ದೀನಿ."
ಮಂಜೂರ್ ಎಂಬ ಹೆಸರನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಮತ್ತೆ ಹುಡುಕಿದೆ. ನಾನು ಬರೆದದ್ದರಲ್ಲಿ ಆರು ಸಲ ಇದೆ. ಆ ನಲವತ್ತೊಂದರಲ್ಲಿ ಒಂದು ಸಲವೂ ಇಲ್ಲ.